ಕೋರಸ್ ಇಲ್ಲದ ಹಾಡು, ಏರದ ದನಿ

ಪ್ರಶ್ನೆ: ಗೆಳೆಯನ ಒತ್ತಾಯಕ್ಕೆ 'ಮ್ಯಾಡ್‌ವಿಲನಿ' ಆಲ್ಬಂ ಕೇಳಿದೆ. ಅಂಡರ್‌ಗ್ರೌಂಡ್ ಹಿಪ್-ಹಾಪ್‌ನಲ್ಲಿ ಇದಕ್ಕಿಂತ ದೊಡ್ಡದಿಲ್ಲ ಅನ್ನುತ್ತಾನೆ ಅವನು. ನನಗೆ ಅರ್ಧಕ್ಕೇ ಬಿಟ್ಟ ಹಾಡುಗಳ ರಾಶಿ ಅನಿಸಿತು. ಮತ್ತೆ ಮತ್ತೆ ಬರುವ ಪಲ್ಲವಿ, ಅಂದರೆ ಕೋರಸ್ ಇಲ್ಲ, ಹಾಡುವವರಿಗೆ ಹುರುಪೂ ಇಲ್ಲ. ಇದರಲ್ಲಿ ಕಲೆ ಎಲ್ಲಿದೆ?

ಉತ್ತರ: ನಿಮ್ಮ ಕಿವಿ ಸರಿಯಾದ ಜಾಗಕ್ಕೇ ಹೋಗಿದೆ. ನೀವು ದೂರುವ ಆ ಎರಡು ಗುಣಗಳಿಗಾಗಿಯೇ ನಾನು ಈ ಆಲ್ಬಂ ಅನ್ನು ಇಷ್ಟು ಹಚ್ಚಿಕೊಂಡಿದ್ದೇನೆ.

ಮೊದಲು ದನಿಯ ಮಾತು. ಇಲ್ಲಿ ರ‍್ಯಾಪ್ ಮಾಡಿದವರು ಎಂಎಫ್ ಡೂಮ್, ಅದರ ಹಿಂದಿನ ಸಂಗೀತ, ಅಂದರೆ ಬೀಟ್, ಕಟ್ಟಿದವರು ಮ್ಯಾಡ್‌ಲಿಬ್. 2002ರಲ್ಲಿ ಮ್ಯಾಡ್‌ಲಿಬ್ ಬ್ರೆಜಿಲ್‌ಗೆ ಹೋಗಿದ್ದಾಗ ಇನ್ನೂ ಮುಗಿಯದ ಹಾಡುಗಳಿದ್ದ ಟೇಪ್ ಕಳುವಾಯಿತು. ಹಾಡುಗಳು ಇಂಟರ್‌ನೆಟ್‌ನಲ್ಲಿ ಹರಿದಾಡಿದವು. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟು ಬೇರೆ ಕೆಲಸ ಹಿಡಿದರು. ಮತ್ತೆ ಇದಕ್ಕೆ ಮರಳಿದಾಗ ಡೂಮ್ ತಮ್ಮ ಸಾಲುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಮೊದಲು ಜೋರಾಗಿ ಹೇಳಿದ್ದನ್ನು ಈ ಸಲ ದನಿ ಇಳಿಸಿ, ಅವಸರವಿಲ್ಲದೆ ಹೇಳಿದರು. 2004ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ ಎಂಬ ರೆಕಾರ್ಡ್ ಕಂಪನಿ ಹೊರತಂದದ್ದು ಈ ದನಿಯ ಆಲ್ಬಂ. ನೀವು ಹುರುಪಿಲ್ಲ ಅಂದದ್ದು, ಅವರು ಯೋಚಿಸಿ ಆರಿಸಿಕೊಂಡದ್ದು.

ಯಾಕೆ ಅಂತ ಅವರ ಪ್ರಾಸ ನೋಡಿದರೆ ಗೊತ್ತಾಗುತ್ತದೆ. ಡೂಮ್ ಸಾಲಿನ ಕೊನೆಯ ಪದಕ್ಕೆ ಮಾತ್ರ ಪ್ರಾಸ ಕಟ್ಟುವವರಲ್ಲ. ಅ, ಇ, ಓ ಥರದ ಮೂರು ನಾಲ್ಕು ಸ್ವರಗಳ ಗುಂಪನ್ನೇ ಹಿಡಿಯುತ್ತಾರೆ. ಅದನ್ನು ಸಾಲಿನ ನಡುವೆ ತರುತ್ತಾರೆ, ಕೊನೆಗೆ ತರುತ್ತಾರೆ, ಮುಂದಿನ ಸಾಲಿನ ಶುರುವಿನಲ್ಲಿ ಮತ್ತೆ ತರುತ್ತಾರೆ. ಇನ್ನೇನು ಈ ಪದ ಬಂತು ಅಂತ ನಾವು ಕಾಯುತ್ತಿದ್ದರೆ, ಅದನ್ನು ಬಿಟ್ಟು ಯಾರೂ ಎಣಿಸದ ಇನ್ನೊಂದನ್ನು ಇಡುತ್ತಾರೆ. ಇಷ್ಟು ದಟ್ಟವಾದ ಸಾಲನ್ನು ಕೂಗಿ ಹೇಳಿದರೆ ಕೂಗು ಮಾತ್ರ ಉಳಿಯುತ್ತದೆ. ತಣ್ಣಗೆ ಹೇಳಿದಾಗ ಒಂದೊಂದು ಪ್ರಾಸವೂ ಬಿಡಿಬಿಡಿಯಾಗಿ ಕೇಳುತ್ತದೆ. 'ಮೀಟ್ ಗ್ರೈಂಡರ್' ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಅರ್ಥ ಬಿಡಿ, ಮೊದಲ ಸಲ ಸುಮ್ನೆ ಸ್ವರಗಳನ್ನಷ್ಟೇ ಹಿಂಬಾಲಿಸಿ.

ಇನ್ನು ಹಾಡುಗಳ ಉದ್ದ. ಸುಮಾರು 46 ನಿಮಿಷದಲ್ಲಿ 22 ಟ್ರ್ಯಾಕ್‌ಗಳಿವೆ, ಹೆಚ್ಚಿನವು ಎರಡು ನಿಮಿಷದ ಆಸುಪಾಸು. ಹೇಳುವುದು ಮುಗಿದ ಕೂಡಲೇ ಹಾಡೂ ಮುಗಿಯುತ್ತದೆ. 'ಅಕಾರ್ಡಿಯನ್' ಹಾಡಿನಲ್ಲಿ ಡೀಡಲಸ್ ಎಂಬ ಸಂಗೀತಗಾರರ ಧ್ವನಿಮುದ್ರಿಕೆಯ ಒಂದು ತುಣುಕು ಸುತ್ತುತ್ತಲೇ ಇರುತ್ತದೆ, ಅದರ ಮೇಲೆ ಡೂಮ್ ಮಾತು. ನಡುವೆ ಕೋರಸ್ ತಂದಿದ್ದರೆ ಆ ಸುತ್ತು ಕಡಿದುಹೋಗುತ್ತಿತ್ತು, ಅಲ್ವಾ?

ಮ್ಯಾಡ್‌ಲಿಬ್ ಕೆಲವು ಬೀಟ್‌ಗಳನ್ನು ಬ್ರೆಜಿಲ್‌ನ ಹೋಟೆಲ್ ರೂಮಿನಲ್ಲೇ ಮಾಡಿದರು. ಜೊತೆಗಿದ್ದದ್ದು ಒಂದು ಪುಟ್ಟ ಟರ್ನ್‌ಟೇಬಲ್, ಕ್ಯಾಸೆಟ್ ಡೆಕ್, ಬಾಸ್ ಎಸ್‌ಪಿ-303 ಸ್ಯಾಂಪ್ಲರ್ (ಹಳೆಯ ಹಾಡಿನ ತುಣುಕು ಹಿಡಿದು ಮತ್ತೆ ನುಡಿಸುವ ಯಂತ್ರ), ಮತ್ತೆ ಅಲ್ಲೇ ಕೊಂಡ ಹಳೆಯ ರೆಕಾರ್ಡ್‌ಗಳು. ಕೊನೆಯ ಹಾಡು 'ರೈನ್‌ಸ್ಟೋನ್ ಕೌಬಾಯ್'ನಲ್ಲಿ ಬ್ರೆಜಿಲ್‌ನ ಗಾಯಕಿ ಮರಿಯಾ ಬೆತಾನಿಯಾ ಅವರ ಹಾಡಿನ ತುಣುಕಿದೆ. ಟೇಪ್ ಸೋರಿದ ಪ್ರಸಂಗವನ್ನೂ ಡೂಮ್ ಇದೇ ಹಾಡಿನ ಒಂದು ಸಾಲಿಗೆ ತಂದಿದ್ದಾರೆ.

ಎಲ್ಲವೂ ಒಂದೇ ಮಟ್ಟದಲ್ಲಿದೆ ಅಂತ ನಾನು ಹೇಳುವುದಿಲ್ಲ. 'ಅಮೆರಿಕಾಸ್ ಮೋಸ್ಟ್ ಬ್ಲಂಟೆಡ್' ನನಗೆ ಉದ್ದ ಜಾಸ್ತಿ ಅನಿಸುತ್ತದೆ.

ಪ್ರಶ್ನೆ: ಡೂಮ್ ಅವರ ಲೋಹದ ಮುಖವಾಡ ಬರೀ ಪ್ರಚಾರಕ್ಕೆ ಅಲ್ಲವೇ?

ಉತ್ತರ: ಅಲ್ಲ ಅಂತಲೇ ನನ್ನ ನಂಬಿಕೆ. ಡೂಮ್ ಅಂದರೆ ಡೇನಿಯಲ್ ಡುಮಿಲೆ. ಮೊದಲು ತಮ್ಮನ ಜೊತೆ ಕೆಎಂಡಿ ಎಂಬ ಗುಂಪಿನಲ್ಲಿದ್ದರು. 1993ರಲ್ಲಿ ಆ ತಮ್ಮ, ಡಿಜೆ ಸಬ್‌ರಾಕ್, ಕಾರು ಬಡಿದು ತೀರಿಕೊಂಡರು. ಮರುವರ್ಷ, ಮುಖಪುಟದ ಚಿತ್ರದ ಗಲಾಟೆಯಿಂದಾಗಿ, ಗುಂಪಿನ ಎರಡನೇ ಆಲ್ಬಂ ಅನ್ನು ಕಂಪನಿ ಕೈಬಿಟ್ಟಿತು. ಕೆಲವು ವರ್ಷ ಕಣ್ಮರೆಯಾಗಿದ್ದವರು ಮುಖ ಮುಚ್ಚಿಕೊಂಡು ನ್ಯೂಯಾರ್ಕ್‌ನ ವೇದಿಕೆಗೆ ಮರಳಿದರು.

ಮುಖ ಮರೆಯಾದ ಮೇಲೆ ಹೆಸರೂ ಸಡಿಲವಾಯಿತು. ಇದೇ ಆಲ್ಬಂನ 'ಫ್ಯಾನ್ಸಿ ಕ್ಲೌನ್' ಹಾಡಿನಲ್ಲಿ ಅವರು ವಿಕ್ಟರ್ ವಾನ್ ಆಗಿ ಬರುತ್ತಾರೆ. ಅದೂ ಅವರದೇ ಇನ್ನೊಂದು ಹೆಸರು. ವಿಕ್ಟರ್‌ನ ಗೆಳತಿ ಅವನಿಗೆ ಮೋಸ ಮಾಡಿ, ಮುಖವಾಡದ ಡೂಮ್ ಜೊತೆ ಓಡಾಡುತ್ತಿರುತ್ತಾಳೆ. ವಿಕ್ಟರ್‌ಗೆ ಸಿಟ್ಟು ಬಂದು ಡೂಮ್‌ನನ್ನು ಹಿಗ್ಗಾಮುಗ್ಗಾ ಬೈಯುತ್ತಾನೆ. ಒಬ್ಬರೇ ಕಲಾವಿದರು, ಮೋಸಹೋದವನೂ ಅವರೇ, ಮೋಸ ಮಾಡಿದವನೂ ಅವರೇ. ಹಾಗಿದ್ದೂ ವಿಕ್ಟರ್‌ನ ನೋವು ನನಗೆ ನಿಜವಾಗಿಯೇ ಕೇಳಿಸುತ್ತದೆ. ಎರಡು ನಿಮಿಷದೊಳಗೆ ಹಾಡು ಮುಗಿದಿರುತ್ತದೆ.