ಓದುಗರ ಪ್ರಶ್ನೆ: ಶಿರಸಿ, ಕಾರವಾರ ಮೂರು ದಿನ

ಪ್ರಶ್ನೆ: ಅಮ್ಮ, ನಾನು, ಒಂಬತ್ತನೇ ಕ್ಲಾಸಿನ ಮಗಳು ಮೂರು ದಿನ ನಿಮ್ಮ ಕಡೆ ಬರೋಣ ಅಂತಿದೀವಿ. ಅಮ್ಮಂಗೆ ಈರುಳ್ಳಿ ಬೆಳ್ಳುಳ್ಳಿನೂ ಆಗಲ್ಲ, ನಂಗೆ ಮೀನು ಬೇಕೇ ಬೇಕು, ಮಗಳಿಗೆ ಚಿತ್ರ ಬಿಡ್ಸೋ ಹುಚ್ಚು. ಟ್ರಾವೆಲ್ಸ್‌ನವ್ರ ಪ್ಲಾನಲ್ಲಿ ದಿನಕ್ಕೆ ಏಳು ಜಾಗ, ಊಟ ಎಲ್ಲ ಹೈವೇ ಹೋಟೆಲಲ್ಲಿ. ಏನ್ ಮಾಡೋದು? (ಹುಬ್ಬಳ್ಳಿಯಿಂದ ಒಬ್ಬ ಓದುಗರು)

ಉತ್ತರ: ಎಲ್ಲ ಬರ್ದಿದೀರಿ, ಯಾವ ತಿಂಗಳು ಅಂತ ಮಾತ್ರ ಬರ್ದಿಲ್ಲ, ನಮ್ಮಲ್ಲಿ ಅದೇ ಮುಖ್ಯ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಮೀನು ಹಿಡಿಯೋಕೆ ಕಡಲಿಗಿಳಿಯೋ ಹಾಗಿಲ್ಲ, ಮಳೆಗಾಲದಲ್ಲಿ ಯಕ್ಷಗಾನ ಬಯಲಾಟನೂ ಇರಲ್ಲ. ನನ್ನ ಕೇಳಿದ್ರೆ ಜನವರಿ ಕೊನೆ, ಫೆಬ್ರವರಿಲಿ ಬನ್ನಿ, ಆಗ ಕಬ್ಬು ಅರೆದು ಬೆಲ್ಲ ಮಾಡೋ ಆಲೆಮನೆ ಶುರುವಾಗಿರತ್ತೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರ್ತವೆ, ಮೀನೂ ಸಿಗತ್ತೆ. ಶಿರಸಿಲಿ ಎರಡು ರಾತ್ರಿ, ಕಾರವಾರದಲ್ಲಿ ಒಂದು, ಉಳಿದದ್ದೆಲ್ಲ ಕಾಟ್ ಹೊಡೀರಿ.

ಮಗಳನ್ನ ಮೊದ್ಲು ಮಾರಿಕಾಂಬಾ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ, ಸ್ಕೆಚ್ ಬುಕ್ ಮರೀಬೇಡಿ. ದರ್ಶನ ಮುಗ್ಸಿ ಹೊರಡೋರೇ ಜಾಸ್ತಿ, ಗೋಡೆ ನೋಡೋರು ಕಮ್ಮಿ, ಅದು ನಂಗೆ ಯಾವಾಗ್ಲೂ ಬೇಜಾರು. ಆ ಗೋಡೆ ಮೇಲಿನ ಚಿತ್ರಗಳು ಕಾವಿ ಕಲೆ. ಬ್ರಶ್ಶಲ್ಲಿ ಬರೆಯೋದಲ್ಲ, ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ ಬಳ್ದು, ಹಸಿ ಇರೋವಾಗ್ಲೇ ಚೂಪಾದ ಉಳಿಲಿ ಕೆರೆದು ತೆಗೀತಾರೆ, ಕೆಳಗಿನ ಬಿಳಿ ಎದ್ದು ಬರತ್ತೆ, ಅಂದ್ರೆ ತಪ್ಪಿದ್ರೆ ಅಳ್ಸೋಕಾಗಲ್ಲ. ಇರೋದು ಎರಡೇ ಬಣ್ಣ. ಒಂದು ತಾಸು ಅಲ್ಲೇ ಕೂತ್ಕೊಳ್ಳಲಿ ಬಿಡಿ. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆಲಿ ಮಾತ್ರ ಇದಾಗಲ್ಲ, ಆಗ ದೇವಿನೂ ಜಾತ್ರೆ ನಡೆಯೋ ಬಿಡಕಿಬಯಲಿಗೆ ಹೋಗಿರ್ತಾಳೆ.

ಅಮ್ಮನ ಊಟ ಹೋಟೆಲಲ್ಲಿ ಹುಡುಕ್ಬೇಡಿ, ಅಡಿಕೆ ತೋಟದ ಹೋಮ್‌ಸ್ಟೇಲಿ ಉಳ್ಕೊಳ್ಳಿ, ಹಿಂದಿನ ದಿನಾನೇ ಫೋನ್ ಮಾಡಿ ಬೆಳ್ಳುಳ್ಳಿ ಬೇಡ ಅಂತ ಬಿಡ್ಸಿ ಹೇಳಿ, ಯಾಕಂದ್ರೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಒಗ್ಗರಣೆಗೆ ಕೆಲವ್ರು ಹಾಕ್ತಾರೆ. ಒಂದೆಲಗದ ತಂಬುಳಿ, ಅಪ್ಪೆಹುಳಿ ಅನ್ನಕ್ಕೆ ಕಲ್ಸಿ ಆದ್ಮೇಲೆ ಲೋಟದಲ್ಲೂ ಕುಡೀಲಿ. ಆಲೆಮನೆ ದಿನಗಳಲ್ಲಾದ್ರೆ ತೊಡದೇವು ಅನ್ನೋ ತೆಳು ಸಿಹಿ ತಿಂಡಿ ಮಾಡೋದು ನೋಡ್ಲೇಬೇಕು, ಕಬ್ಬಿನ ಹಾಲಲ್ಲಿ ರುಬ್ಬಿದ ಅಕ್ಕಿ ಹಿಟ್ಟಲ್ಲಿ ಬಟ್ಟೆ ಅದ್ದಿ ಬೆಂಕಿ ಮೇಲೆ ಬೋರಲು ಇಟ್ಟ ಮಡಕೆಗೆ ಎಳೀತಾರೆ, ಕ್ಷಣದಲ್ಲಿ ಕಾಗದದ ಹಾಗೆ ಎದ್ದು ಬರತ್ತೆ. ತುಪ್ಪ ಹಾಕ್ಕೊಂಡು ಬಿಸಿಬಿಸಿ ತಿನ್ನಿ, ಪ್ಯಾಕೆಟಿಂದು ಬೇರೆನೇ.

ರಾತ್ರಿ ಎಲ್ಲಿ ಯಕ್ಷಗಾನದ ಆಟ ಇದೆ ಅಂತ ಹೋಮ್‌ಸ್ಟೇಯವ್ರನ್ನೇ ಕೇಳಿ, ಶುರುವಾಗೋಕೆ ಒಂದು ತಾಸು ಮೊದ್ಲೇ ಹೋಗಿ, ಅನುಮತಿ ಕೇಳಿ ಚೌಕಿಲಿ (ವೇಷ ಕಟ್ಟೋ ಜಾಗ) ಸುಮ್ನೆ ಒಂದು ಮೂಲೆಲಿ ಕೂತ್ಕೊಳ್ಳಿ. ವೇಷಧಾರಿ ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಕೊಳ್ಳೋದು ನೋಡೋದು ನಿಮ್ಮ ಮಗಳಿಗೆ ದೊಡ್ಡ ಪಾಠ. ನಿದ್ದೆ ಬಂದ್ರೆ ಮಲಗ್ಲಿ, ನಾವೆಲ್ಲ ಚಿಕ್ಕೋರಿದ್ದಾಗ ಚಾಪೆ ಮೇಲೆ ಮಲಗಿ ಚಂಡೆ ಸದ್ದಿಗೆ ಎದ್ದು ನೋಡಿದೋರೇ.

ಮೂರನೇ ದಿನ ದೇವಿಮನೆ ಘಟ್ಟ ಇಳ್ದು ಕುಮಟಾ, ಅಂಕೋಲಾ ಮೇಲೆ ಕಾರವಾರ. ಮಧ್ಯಾಹ್ನ ನಿಮ್ಮ ಸರದಿ, ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಅನ್ನೋ ಮಸಾಲೆ ಕಾಯಿ ಹಾಕಿದ ಬಂಗುಡೆ ಸಾರು, ತಿಸರೆ (ಚಿಪ್ಪುಮೀನು) ಸುಕ್ಕ, ಕೊನೆಗೆ ಕೋಕಂ ಹಾಕಿದ ಸೋಲ್ ಕಡಿ. ಸಂಜೆ ಟ್ಯಾಗೋರ್ ಕಡಲತೀರ. 1880ರ ದಶಕದಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ರು, ತಮ್ಮ ಒಂದು ನಾಟಕ ಇಲ್ಲೇ ಬರ್ದ್ರು, ಮಗಳಿಗೆ ಹೇಳಿ.

ಪ್ರಶ್ನೆ: ಶಿರಸಿಯ ಗಂಧದ ಕೆತ್ತನೆ ತಗೋಬೇಕು ಅಂತ ಆಸೆ, ರೇಟ್ ಕೇಳಿ ಸುಮ್ನಾದೆ. ಬೇರೆ ಏನಾದ್ರೂ ಇದ್ಯಾ? (ದಾವಣಗೆರೆಯಿಂದ)

ಉತ್ತರ: ಇದೆ. ಗಂಧ ಕೆತ್ತೋ ಗುಡಿಗಾರರ ಮನೆತನಗಳಲ್ಲೇ ಬೆಂಡಿನ (ಗಿಡದ ಹಗುರ ತಿರುಳು) ಕೆಲ್ಸಾನೂ ಇದೆ, ಮದುವೆ ಬಾಸಿಂಗ, ಬೆಂಡಿನ ಹಾರ. ಕೈಲಿ ಹಿಡಿದ್ರೆ ಭಾರಾನೇ ಗೊತ್ತಾಗಲ್ಲ, ಅಷ್ಟು ಹಗುರ, ಕೆಲ್ಸ ಮಾತ್ರ ಗಂಧದಷ್ಟೇ ನಾಜೂಕು. ಮಾಡೋರ ಹತ್ರಾನೇ ಕೂತು ನೋಡಿ ತಗೊಳ್ಳಿ, ಚೌಕಾಶಿ ಮಾಡ್ಬೇಡಿ, ಊರಿಗೆ ಒಯ್ಯೋವಾಗ ಗಟ್ಟಿ ಡಬ್ಬಿಲಿಡಿ, ಒತ್ತಿದ್ರೆ ಮುರಿಯತ್ತೆ.