ಸಾಯಬೇಕಾದ ಜೀವಕೋಶವನ್ನು ಬಿಸಿಎಲ್-2 ಪ್ರೋಟೀನ್ ಹೇಗೆ ಉಳಿಸುತ್ತದೆ?

ಸಾವು ತರುವ ಪ್ರೋಟೀನ್‌ಗಳನ್ನು ಹಿಡಿದಿಟ್ಟುಕೊಂಡು. ಬಿಸಿಎಲ್-2ರ ಮೈಮೇಲೆ ಉದ್ದನೆಯ ಒಂದು ತೋಡು ಇದೆ. ಗುಟ್ಟೆಲ್ಲ ಅದರಲ್ಲೇ.

ನಮ್ಮ ಕೋಶಗಳಲ್ಲಿ ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನ್‌ಗಳಿವೆ. ಕೋಶ ಇನ್ನು ರಿಪೇರಿ ಆಗಲ್ಲ ಎಂದಾದಾಗ ಇವು ಗುಂಪುಗೂಡಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆಗೆ ತೂತು ಹಾಕುತ್ತವೆ. ಒಳಗಿದ್ದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರುತ್ತದೆ. ಅದು ಹೊರಬಂದರೆ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ.

ಈ ಬ್ಯಾಕ್ಸ್, ಬ್ಯಾಕ್‌ಗಳಲ್ಲಿ ಬಿಎಚ್3 ಎಂಬ ಚಿಕ್ಕ ಸುರುಳಿ ಇದೆ. ಅದರ ಒಂದು ಮಗ್ಗುಲು ಎಣ್ಣೆಯ ಹಾಗೆ, ನೀರು ಕಂಡರೆ ಆಗಲ್ಲ. ಬಿಸಿಎಲ್-2ರ ತೋಡಿನ ಒಳಗೋಡೆಯೂ ಹಾಗೇ. ಹಾಗಾಗಿ ಸುರುಳಿ ಹೋಗಿ ತೋಡಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅಲ್ಲಿ ಸಿಕ್ಕಿಬಿದ್ದ ಬ್ಯಾಕ್ಸ್ ತೂತು ಹಾಕೋದೆಲ್ಲಿ ಬಂತು, ಅಲ್ವಾ?

1996ರಲ್ಲಿ ಬಿಸಿಎಲ್-2ರ ಒಡಹುಟ್ಟಿನಂಥ ಬಿಸಿಎಲ್-ಎಕ್ಸ್‌ಎಲ್‌ನ ಆಕಾರ ಗೊತ್ತಾದಾಗ ಇಂಥ ತೋಡು ಕಣ್ಣಿಗೆ ಬಿತ್ತು. ಮರುವರ್ಷ ಬ್ಯಾಕ್‌ನ ಸುರುಳಿ ಅದರೊಳಗೆ ಕೂತಿರುವುದೂ ಕಂಡಿತು.

ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಬಿಸಿಎಲ್-2 ಜಾಸ್ತಿ ಇರುತ್ತದೆ, ಸಾಯಬೇಕಾದ ಕೋಶಗಳು ಸಾಯುವುದಿಲ್ಲ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವೆನೆಟೊಕ್ಲಾಕ್ಸ್ ಮಾತ್ರೆ ಆ ತೋಡಿನಲ್ಲಿ ತಾನೇ ಹೋಗಿ ಕೂರುತ್ತದೆ. ಸೆರೆಯಲ್ಲಿದ್ದವರಿಗೆ ಬಿಡುಗಡೆ! ಬಿಸಿಎಲ್-ಎಕ್ಸ್‌ಎಲ್‌ನ ತೋಡಿಗೆ ಮಾತ್ರ ಅದು ಅಷ್ಟಾಗಿ ಅಂಟದಂತೆ ಬೇಕೆಂದೇ ಮಾಡಿದ್ದಾರೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬದುಕಿರುವುದೇ ಬಿಸಿಎಲ್-ಎಕ್ಸ್‌ಎಲ್‌ನಿಂದ.