ಏಳುವ ಮುನ್ನ ಒಂದು ಗುರುತು

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಂಚಿಕೆಯಲ್ಲಿ: ದಿನದ ಕೆಲಸದ ನಡುವೆ ಬರುವ ಚಿಕ್ಕಪುಟ್ಟ ಅಡ್ಡಿಗಳು

ಪ್ರಶ್ನೆ: ನಮ್ಮದು ಕಿರಾಣಿ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಉದ್ರಿ ಪುಸ್ತಕ ಕೂಡಿಸಲು ಕೂರುತ್ತೇನೆ. ನಡುವೆ ಯಾರಾದರೂ ಬಂದು ‘ಅರ್ಧ ಕೇಜಿ ಸಕ್ರಿ ಕೊಡ್ರಿ’ ಅಂದರೆ ಮುಗಿಯಿತು, ಮತ್ತೆ ಮೇಲಿನಿಂದ ಶುರು. ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಬಿದ್ದು ಜಗಳವೂ ಆಗಿದೆ.
(ವ್ಯಾಪಾರಿ, ಗದಗ ಜಿಲ್ಲೆ)

ಉತ್ತರ: ಗಿರಾಕಿ ಬರಲೇಬೇಕು. ಸರಿಪಡಿಸಬೇಕಾದ್ದು, ಮೊತ್ತವನ್ನು ತಲೆಯಲ್ಲಿಟ್ಟುಕೊಂಡು ಎದ್ದು ಹೋಗುವ ಅಭ್ಯಾಸ. ಕೂಡಿಸುವಾಗ ಮೊತ್ತವನ್ನು ಒಳಗೊಳಗೇ ಹೇಳಿಕೊಳ್ಳುತ್ತಿರುತ್ತೇವೆ. ಫ್ಯಾನಿನ ಒಂದೇ ಸಮನೆಯ ಸದ್ದು ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ, ಮಾತು ಕೆಡಿಸುತ್ತದೆ. ಹಾಗಾಗಿ ಲೆಕ್ಕದ ಹೊತ್ತಿನಲ್ಲಿ ಟಿವಿ ವಾರ್ತೆ ಹಚ್ಚಿಡಲೇಬೇಡಿ. ಗಿರಾಕಿ ಎರಡು ನಿಮಿಷಕ್ಕೆ ಹೋಗುತ್ತಾರೆ, ವಾರ್ತೆ ಹೋಗುವುದಿಲ್ಲ.

ಐದು ಸಾಲಿಗೊಮ್ಮೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಅಲ್ಲಿಯವರೆಗಿನ ಮೊತ್ತ ಬರೆಯಿರಿ. ಯಾರಾದರೂ ಕರೆದಾಗ ತಲೆ ಎತ್ತುವ ಮೊದಲೇ ‘ಬಂದ್ನಿ, ತಡೀರಿ’ ಎನ್ನಿ. ಕೈಯಲ್ಲಿರುವ ಸಾಲು ಮುಗಿಸಿ, ಪಕ್ಕದಲ್ಲಿ ಮೊತ್ತ ಬರೆದು, ಕೆಳಗೊಂದು ಗೀಟು ಎಳೆಯಿರಿ. ಇದಕ್ಕೆ ಬೇಕಾಗುವುದು ಕೆಲವೇ ಸೆಕೆಂಡು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೋಗದೆ ಆ ಗೀಟಿನ ಮೇಲೇ ಇಟ್ಟು ಹೋಗಿ. ಬಂದ ಮೇಲೆ ಗೀಟಿನ ಮೇಲಿನ ಸಾಲನ್ನು ಒಮ್ಮೆ ಓದಿ ಮುಂದುವರಿಯಿರಿ.

ಅಡ್ಡಿಯ ಬಗ್ಗೆ ಆಲ್ಟ್‌ಮನ್ ಮತ್ತು ಟ್ರಾಫ್ಟನ್ ಎಂಬ ಸಂಶೋಧಕರು 2002ರಲ್ಲಿ ಮುಂದಿಟ್ಟ ವಿವರಣೆಯೂ ಇದಕ್ಕೆ ಹೊಂದುತ್ತದೆ. ಬಿಟ್ಟ ಕೆಲಸದ ನೆನಪು ಬೇಗ ಮಾಸುತ್ತದೆ. ವಾಪಸು ಬಂದಾಗ ಅದನ್ನು ಎಬ್ಬಿಸುವುದು ಕಣ್ಣಿಗೆ ಬೀಳುವ ಗುರುತು. ಕರೆ ಬಂದದ್ದಕ್ಕೂ ನೀವು ಏಳುವುದಕ್ಕೂ ನಡುವಿನ ಆ ನಾಲ್ಕಾರು ಸೆಕೆಂಡಿಗೆ ಬೆಲೆ ಇರುವುದು ಅದಕ್ಕೇ.

ಇನ್ನು ಹೆಸರು ಅದಲುಬದಲಾಗುವ ವಿಷಯ. ಸಾಮಾನು ಕೈಗೆ ಕೊಡುವ ಮೊದಲೇ ಪುಸ್ತಕಕ್ಕೆ ಬರೆಯಿರಿ, ಮೊದಲು ಹೆಸರು, ಕೊನೆಗೆ ಮೊತ್ತ. ಚೀಲ ಗಿರಾಕಿಯ ಕೈ ಸೇರಿದ ಕ್ಷಣ ಕೆಲಸ ಮುಗಿಯಿತು ಎಂದು ಮನಸ್ಸು ಕೈತೊಳೆದುಕೊಳ್ಳುತ್ತದೆ. ಮುಖ್ಯ ಕೆಲಸ ಆದ ಮೇಲೆ ಉಳಿಯುವ ಕೊನೆಯ ಹೆಜ್ಜೆಯೇ ಹೆಚ್ಚು ಮರೆಯುವಂಥದ್ದು. ಎಷ್ಟೋ ಎಟಿಎಂಗಳು ಮೊದಲು ಕಾರ್ಡ್ ವಾಪಸು ಕೊಟ್ಟು ಆಮೇಲೆ ಹಣ ಕೊಡುವುದು ಈ ಕಾರಣಕ್ಕೆ.

ಇಷ್ಟಾದರೂ ಮೊತ್ತ ತಾಳೆಯಾಗದಿದ್ದರೆ ಎಲ್ಲವನ್ನೂ ಮತ್ತೆ ಕೂಡಿಸುವ ಮುನ್ನ ವ್ಯತ್ಯಾಸವನ್ನು ನೋಡಿ. ಅದು 9ರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಕ್ಕಪಕ್ಕದ ಅಂಕಿಗಳು ತಿರುವುಮುರುವಾಗಿರುವ ಸಂಭವ ಹೆಚ್ಚು: 540 ಇರಬೇಕಾದಲ್ಲಿ 450 ಬರೆದರೆ ವ್ಯತ್ಯಾಸ 90. ಹಾಗಲ್ಲದಿದ್ದರೆ, ವ್ಯತ್ಯಾಸದ ಅರ್ಧದಷ್ಟು ಮೊತ್ತವಿರುವ ಸಾಲು ಹುಡುಕಿ. 300 ರೂಪಾಯಿ ವ್ಯತ್ಯಾಸ ಬಂದು, 150 ರೂಪಾಯಿಯ ಜಮೆ ಸಾಲು ಕಂಡರೆ, ಅದನ್ನು ಕಳೆಯುವ ಬದಲು ಕೂಡಿಸಿರಬಹುದು.

ಪ್ರಶ್ನೆ: ಒಲೆಯ ಮೇಲೆ ಹಾಲಿಟ್ಟಾಗಲೇ ಬಾಗಿಲು ಬಡಿಯುತ್ತಾರೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ಕುಕ್ಕರ್ ಎಷ್ಟು ಸಲ ಕೂಗಿತು, ಯಾವುದೂ ನೆನಪಿರುವುದಿಲ್ಲ. ನನಗೆ ಮರೆವಿನ ಕಾಯಿಲೆಯೇ?
(ಗೃಹಿಣಿ, ಶಿವಮೊಗ್ಗ)

ಉತ್ತರ: ನೀವು ಹೇಳಿದ ಮೂರೂ ಕೆಲಸದ ನಡುವೆ ಅಡ್ಡಿ ಬಂದಾಗ ಆಗುವ ತಪ್ಪುಗಳು. ಇಷ್ಟಕ್ಕೇ ಕಾಯಿಲೆ ಎಂದು ಹೆದರಬೇಡಿ. ಪರಿಚಿತರ ಹೆಸರು, ದಿನಾ ಓಡಾಡುವ ದಾರಿ ಮರೆಯತೊಡಗಿದರೆ ವೈದ್ಯರನ್ನು ಕಾಣಬೇಕು.

ಹಾಲು ಕಾಯುತ್ತಾ ಮೇಲೆ ಕೆನೆ ಕಟ್ಟುತ್ತದೆ. ಕೆಳಗೆ ಹುಟ್ಟಿದ ಆವಿ ಹೊರಬರಲಾಗದೆ ನೊರೆಯಾಗಿ ಎತ್ತಿಕೊಂಡು ಬರುತ್ತದೆ. ಹತ್ತು ನಿಮಿಷ ಸುಮ್ಮನಿದ್ದದ್ದು ಕೆಲವೇ ಸೆಕೆಂಡಿನಲ್ಲಿ ಉಕ್ಕುವುದು ಹೀಗೆ. ಒಂದು ಲೀಟರ್ ಹಾಲಿಗೆ ಎರಡು ಲೀಟರ್ ಹಿಡಿಯುವ ಪಾತ್ರೆ ಇಡಿ. ಒಳಗೆ ಸೌಟು ನಿಲ್ಲಿಸಿದರೆ ಉಕ್ಕುವುದು ಸ್ವಲ್ಪ ತಡವಾಗುತ್ತದೆ, ತಪ್ಪುವುದಿಲ್ಲ. ಅಡುಗೆಮನೆಯ ಹೊಸ್ತಿಲು ದಾಟುವುದಾದರೆ ಒಲೆ ಆರಿಸಿಯೇ ದಾಟಿ. ಬಿಸಿ ಹಾಲು ಮತ್ತೆ ಕಾಯಲು ಹೆಚ್ಚು ಹೊತ್ತು ಬೇಕಿಲ್ಲ.

ಪಲ್ಯವೋ ಸಾರೋ ಸಣ್ಣ ಉರಿಯಲ್ಲಿದ್ದು ಆರಿಸಲು ಮನಸ್ಸಿಲ್ಲದಿದ್ದರೆ ಸೌಟನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಹೋಗಿ. ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಾಗ ಕೈಯಲ್ಲಿನ ಸೌಟೇ ವಾಪಸು ಕರೆಯುತ್ತದೆ.

ಅಡುಗೆ ಶುರು ಮಾಡುವಾಗಲೇ ಆ ಹೊತ್ತಿನ ಉಪ್ಪನ್ನು ಅಳೆದು ಪುಟ್ಟ ಬಟ್ಟಲಿಗೆ ಹಾಕಿಡಿ. ಬಟ್ಟಲು ಖಾಲಿಯಾಗಿದ್ದರೆ ಉಪ್ಪು ಬಿದ್ದಿದೆ. ಕುಕ್ಕರಿನ ಕೂಗು ಎಣಿಸುವುದನ್ನು ಬಿಡಿ. ಮೊದಲ ಕೂಗಿಗೆ ಉರಿ ಸಣ್ಣದು ಮಾಡಿ ಟೈಮರ್ ಇಡಿ. ಅರ್ಧ ಗಂಟೆ ನೆನೆಸಿದ ತೊಗರಿಬೇಳೆಗೆ ಸಾಮಾನ್ಯವಾಗಿ 8ರಿಂದ 10 ನಿಮಿಷ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಉಕ್ಕಿದ ಹಾಲು ಉರಿಯನ್ನು ನಂದಿಸಿದರೂ ಗ್ಯಾಸ್ ಬರುತ್ತಲೇ ಇರುತ್ತದೆ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ವಾಸನೆ ಬಂದರೆ ಒಲೆಯ ತಿರುಪು, ಸಿಲಿಂಡರಿನ ರೆಗ್ಯುಲೇಟರ್ ಎರಡನ್ನೂ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಲೈಟು, ಎಕ್ಸಾಸ್ಟ್ ಫ್ಯಾನ್, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ.

ಪ್ರಶ್ನೆ: ಓದಲು ಕೂತಾಗ ಮೊಬೈಲ್ ಮುಟ್ಟುವುದಿಲ್ಲ. ಆದರೂ ಅದು ಟಿಂಗ್ ಎಂದಾಗಲೆಲ್ಲ ಓದಿದ್ದು ತಲೆಗೆ ಹೋಗುವುದಿಲ್ಲ.
(ಪದವಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಮುಟ್ಟದಿದ್ದರೂ ಗಮನ ಕದಲುತ್ತದೆ ಎಂಬುದು 2015ರ ಒಂದು ಪ್ರಯೋಗದಲ್ಲಿ ಕಂಡಿದೆ. ಯಾರದ್ದಿರಬಹುದು ಎಂಬ ಯೋಚನೆಯೇ ಸಾಕು. ವಾಟ್ಸಾಪ್ ಗುಂಪುಗಳನ್ನು ‘ಯಾವಾಗಲೂ ಮ್ಯೂಟ್’ಗೆ ಹಾಕಿ. ‘ಡು ನಾಟ್ ಡಿಸ್ಟರ್ಬ್’ ಆನ್ ಮಾಡಿ ಮನೆಯವರ ಕರೆಗೆ ಮಾತ್ರ ವಿನಾಯಿತಿ ಕೊಡಿ, ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಓದುವಾಗ ‘ಅವಳಿಗೆ ನೋಟ್ಸ್ ಕಳಿಸಬೇಕು’ ಎಂಬಂಥದ್ದು ಹೊಳೆದರೆ ಪಕ್ಕದ ಹಾಳೆಯಲ್ಲಿ ಒಂದೇ ಪದ ಬರೆದು ಓದು ಮುಂದುವರಿಸಿ.

ಪ್ರಶ್ನೆ: ನನಗೆ 68 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುವಾಗ ಫೋನ್ ಬಂದರೆ, ನುಂಗಿದೆನೋ ಇಲ್ಲವೋ ಎಂಬ ಅನುಮಾನ. ಇನ್ನೊಂದು ನುಂಗಬಹುದೇ?
(ನಿವೃತ್ತ ಶಿಕ್ಷಕರು, ಉಡುಪಿ)

ಉತ್ತರ: ಅನುಮಾನದಲ್ಲಿ ಇನ್ನೊಂದು ನುಂಗಬೇಡಿ ಸರ್. ಸಂಶಯ ಬಂದ ದಿನ ಏನು ಮಾಡಬೇಕೆಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿ, ಔಷಧಿ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ. ವಾರದ ಏಳು ದಿನಕ್ಕೆ, ಬೆಳಿಗ್ಗೆ–ರಾತ್ರಿಗೆ ಬೇರೆ ಬೇರೆ ಖಾನೆಯಿರುವ ಮಾತ್ರೆ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಭಾನುವಾರ ತುಂಬಿಸಿಡಿ. ಸ್ಟ್ರಿಪ್‌ನಿಂದ ಹೊರಗೆ ತೆಗೆದಿಡಬಾರದ ಮಾತ್ರೆಗಳೂ ಇವೆ, ಅಂಗಡಿಯವರನ್ನು ವಿಚಾರಿಸಿಕೊಳ್ಳಿ. ಮಾತ್ರೆ ಅಂಗೈಯಲ್ಲಿದ್ದಾಗ ಫೋನ್ ಬಂದರೆ ರಿಂಗ್ ಆಗಲಿ ಬಿಡಿ, ನುಂಗಿ ನೀರು ಕುಡಿದ ಮೇಲೆ ತಿರುಗಿ ಮಾಡಿ. ಇದು ವಯಸ್ಸಿನ ದೋಷವೆಂದು ನೊಂದುಕೊಳ್ಳಬೇಡಿ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು ಔಷಧಿ ಕೊಡುವುದನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಅಡ್ಡಿ ಹೆಚ್ಚಿದಷ್ಟೂ ತಪ್ಪುಗಳು ಹೆಚ್ಚಿದ್ದವು.

ಪ್ರಶ್ನೆ: ಮನೆಗೆ ಬೀಗ ಹಾಕಿ ಬಸ್ ಸ್ಟಾಪ್ ತಲುಪಿದ ಮೇಲೆ, ಹಾಕಿದೆನೇ ಎಂದು ವಾಪಸು ಬರುತ್ತೇನೆ.
(ಗಾರ್ಮೆಂಟ್ಸ್ ಉದ್ಯೋಗಿ, ಬೆಂಗಳೂರು)

ಉತ್ತರ: ದಿನವೂ ಒಂದೇ ಥರ ಮಾಡುವ ಕೆಲಸದಲ್ಲಿ ಇಂದಿನ ನೆನಪು ನಿನ್ನೆಯದರೊಂದಿಗೆ ಬೆರೆತುಹೋಗುತ್ತದೆ. ಜಪಾನಿನ ರೈಲ್ವೆ ಸಿಬ್ಬಂದಿ ಸಿಗ್ನಲ್ ಕಡೆ ಬೆರಳು ತೋರಿಸಿ ಅದರ ಸ್ಥಿತಿಯನ್ನು ಗಟ್ಟಿಯಾಗಿ ಹೇಳುತ್ತಾರೆ. ನೀವೂ ಬೀಗವನ್ನು ಒಮ್ಮೆ ಜಗ್ಗಿ, ‘ಮಂಗಳವಾರ, ಬೀಗ ಬಿತ್ತು’ ಎಂದು ಬಾಯಿಬಿಟ್ಟು ಹೇಳಿ. ದಿನದ ಹೆಸರು ಸೇರಿಸುವುದನ್ನು ಮರೆಯಬೇಡಿ, ಇಂದಿನದನ್ನು ನಿನ್ನೆಯದರಿಂದ ಬೇರ್ಪಡಿಸುವುದು ಅದೇ. ಆಗ ಫೋನಿನಲ್ಲಿ ಮಾತಾಡುತ್ತಿರಬಾರದು. ಮತ್ತೆ ಮತ್ತೆ ಪರೀಕ್ಷಿಸಬೇಡಿ, ಪರೀಕ್ಷಿಸಿದಷ್ಟೂ ನಮ್ಮ ನೆನಪಿನ ಮೇಲಿನ ನಂಬಿಕೆ ಕುಗ್ಗುತ್ತದೆ. ಒಮ್ಮೆ ಜಗ್ಗಿ ನೋಡಿಯೂ ಸಮಾಧಾನವಾಗದೆ, ಇಂಥ ಪರೀಕ್ಷೆಗೇ ದಿನದಲ್ಲಿ ಗಂಟೆಗಟ್ಟಲೆ ಹೋಗುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.